ಓಲ್ಡ್ ಬ್ರಿಡ್ಜ್ ಕ್ಯಾಪ್ಟನ್ನನ ಆ್ಯಂಟಿಗಾ ಪ್ರದಕ್ಷಿಣೆ

ನ್ಯೂ ಜೆರ್ಸಿಯ ಓಲ್ಡ್ ಬ್ರಿಡ್ಜ್‌ನ ಚಂದ್ರಶೇಖರ ಹಾಯಿದೋಣಿ ನಡೆಸಲು ಕಲಿತದ್ದು ಎರಡೇ ವಾರಾಂತ್ಯಗಳಲ್ಲಿ. ಟೋಪಿ ಕೊಂಡದ್ದು ಮಾತ್ರ ಅದಕ್ಕೂ ಒಂದು ತಿಂಗಳು ಮುಂಚೆ.

ಅವನ ಸ್ವಭಾವವೇ ಅಂಥದ್ದು. ಯಾವ ವಿದ್ಯೆಯಾದರೂ ಮೊದಲು ಅದರ ವೇಷ ಮನೆಗೆ ಬರಬೇಕು. ಮ್ಯಾರಥಾನ್ ಹುಚ್ಚು ಹಿಡಿದ ವರ್ಷ ಮೂರು ಜೊತೆ ಶೂ ಬಂದವು. ಓಟ ನಾಲ್ಕನೇ ಮೈಲಿಯಲ್ಲಿ ಮುಗಿಯಿತು. ಜೇನು ಸಾಕಿದ ವರ್ಷ ಮುಖಪರದೆಯಿದ್ದ ಬಿಳಿ ಉಡುಪು ಬಂತು; ಜೇನು ಪಕ್ಕದ ಮನೆಯ ಮೇಪಲ್ ಮರಕ್ಕೆ ಹಾರಿಹೋಗಿ ಅಲ್ಲೇ ಸಂಸಾರ ಹೂಡಿತು.

ವಯಸ್ಸು ಐವತ್ತೆರಡು. ಒಂದು ವಿಮಾ ಕಂಪನಿಯಲ್ಲಿ ಡೇಟಾಬೇಸ್ ಕೆಲಸ. ಇಪ್ಪತ್ತಮೂರು ವರ್ಷ ಮೇಲಿನವರು ಹೇಳಿದ್ದಕ್ಕೆಲ್ಲ ‘ಶೂರ್, ಶೂರ್’ ಎನ್ನುತ್ತ ಬಂದವನ ಕೈಕೆಳಗೆ ಇವತ್ತಿಗೂ ಒಂದು ನರಪಿಳ್ಳೆಯಿಲ್ಲ. ಹಾಗಾಗಿಯೇ ಇರಬೇಕು, ರಾರಿಟನ್ ಕೊಲ್ಲಿಯ ಸೇಲಿಂಗ್ ಮೇಷ್ಟ್ರು ಮೊದಲ ದಿನ ‘ದೋಣಿಯ ಮೇಲೆ ಕ್ಯಾಪ್ಟನ್ ಮಾತೇ ಕೊನೆಯ ಮಾತು’ ಎಂದಾಗ ಅದು ಅವನ ಕಿವಿಗೆ ಮಂತ್ರೋಪದೇಶದ ಹಾಗೆ ಬಿತ್ತು. ಸರ್ಟಿಫಿಕೇಟು ದೇವರ ಕೋಣೆಯ ಹೊರಗೋಡೆ ಏರಿತು. ಕನ್ನಡ ಕೂಟದ ಯುಗಾದಿ ಊಟದಲ್ಲಿ ಯಾರೋ ಕೀಟಲೆಗೆ ‘ಕ್ಯಾಪ್ಟನ್ ಅಂಕಲ್’ ಎಂದರು. ಅವನು ಅದನ್ನು ಬಿರುದೆಂದು ಸ್ವೀಕರಿಸಿ ತಲೆ ಬಾಗಿಸಿದ.

ಆ ವರ್ಷ ಅವನ ಮದುವೆಗೆ ಇಪ್ಪತ್ತೈದು ತುಂಬಿತ್ತು. ಹೆಂಡತಿ ತಾರಿಣಿ ದಂತವೈದ್ಯರೊಬ್ಬರ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಳು. ಎಲ್ಲಿಗೆ ಹೋಗೋಣ ಎಂದು ಯಾರಾದರೂ ಕೇಳಿಯಾರೆಂದು ಕಾದಿದ್ದಳು. ಕೇಳುವ ಬದಲು ಒಂದು ರಾತ್ರಿ ಊಟದ ಹೊತ್ತಿಗೆ ಅಪ್ಪಣೆ ಹೊರಟಿತು.

“ಆ್ಯಂಟಿಗಾ. ಒಂದು ವಾರ. ನಮ್ಮದೇ ಸೇಲ್ ಬೋಟ್. ಐಲ್ಯಾಂಡ್ ಸುತ್ತ ಒಂದು ಫುಲ್ ರೌಂಡ್.”

“ನಂಗೆ ಈಜು ಬರಲ್ಲ ರೀ,” ಎಂದಳು ತಾರಿಣಿ. “ಯಾವುದಾದ್ರೂ ಹೋಟೆಲ್‌ಗೆ ಹೋಗೋಣ. ಒಂದು ವಾರ ಬೇರೆ ಯಾರೋ ಮಾಡಿದ್ದು ತಿಂದ್ಕೊಂಡು ಕೂತಿರ್ತೀನಿ.”

“ಬೋಟಲ್ಲೇ ಕಿಚನ್ ಇದೆ ಕಣೇ! ಫುಲ್ ಕಿಚನ್!” ಎಂದ ಚಂದ್ರಶೇಖರ, ವಜ್ರದ ಓಲೆ ಕೊಡಿಸಿದವನ ಮುಖಭಾವದಲ್ಲಿ.

ಮಗಳು ಲಾಸ್ಯಾ, ಕಾಲೇಜಿನಲ್ಲಿ ಎರಡನೇ ವರ್ಷ, ಫೋನಿನಿಂದ ತಲೆ ಎತ್ತದೆ “ಓ ನೋ” ಎಂದಳು. ಮಂಡ್ಯದ ಕಡೆಯಿಂದ ಬಂದು ಆರು ವರ್ಷದಿಂದ ಮಗನ ಮನೆಯಲ್ಲೇ ಇರುವ ತಾಯಿ ಜವರಮ್ಮನಿಗೆ ಎಪ್ಪತ್ತಾರು. ಅವಳನ್ನು ಒಬ್ಬಳೇ ಬಿಡುವ ಹಾಗಿಲ್ಲವಾದ್ದರಿಂದ ಅವಳೂ ಹೊರಟಳು. ಶನಿವಾರ ತಾರಿಣಿ ಇಂಡಿಯನ್ ಅಂಗಡಿಗಳಿರುವ ಐಸೆಲಿನ್‌ಗೆ ಡ್ರೈವ್ ಮಾಡಿ ಅವಲಕ್ಕಿ, ರವೆ, ಬೇಳೆ, ಸಾರಿನ ಪುಡಿ, ಹಪ್ಪಳ ತಂದಳು. ಸೂಟ್‌ಕೇಸಿನಲ್ಲಿ ಈಜುಡುಗೆಯ ಜಾಗಕ್ಕೆ ಕುಕ್ಕರ್ ಕೂತಿತು.

ನ್ಯೂವಾರ್ಕ್‌ನಿಂದ ವಿಮಾನ ಹತ್ತಿ ಕೆರಿಬಿಯನ್ ಸಮುದ್ರದ ಆ್ಯಂಟಿಗಾ ಮುಟ್ಟಿದ ಮೇಲೆ ಮೊದಲ ಪರೀಕ್ಷೆ ಎದುರಾಯಿತು. ದೋಣಿ ಬಾಡಿಗೆಗೆ ಕೊಡುವವರು ಸರ್ಟಿಫಿಕೇಟು ನೋಡಿ ಸುಮ್ಮನಾಗುವವರ ಪೈಕಿಯಲ್ಲ. ಒಂದು ಗಂಟೆ ನಡೆಸಿ ತೋರಿಸಬೇಕು. ಪರೀಕ್ಷಿಸಲು ಬಂದವಳು ವರ್ನಾ ಎಂಬ ಅರವತ್ತರ ಹೆಂಗಸು. ಬರಿಗಾಲು, ಬಣ್ಣಗೆಟ್ಟ ಅಂಗಿ.

“ಗಾಳಿ ಯಾವ ಕಡೆಯಿಂದ ಬೀಸ್ತಿದೆ?” ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದಳು.

ಚಂದ್ರಶೇಖರ ಜೇಬಿನಿಂದ ಫೋನು ತೆಗೆದ. ವರ್ನಾ ಅವನನ್ನೇ ನೋಡುತ್ತ ನಿಂತಳು. ಅವಳ ತಲೆಗೂದಲು ಗಾಳಿಗೆ ಪಟಪಟನೆ ಅವನ ಕಡೆಗೇ ಹಾರುತ್ತಿತ್ತು.

ಗಂಟೆ ತುಂಬುವ ಮೊದಲೇ ದೋಣಿ ವಾಪಸು ಬಂತು, ಚುಕ್ಕಾಣಿ ವರ್ನಾ ಕೈಯಲ್ಲಿ. ದೋಣಿ ಬೇಕಾದರೆ ಅವಳೂ ಜೊತೆಗೆ ಬರಬೇಕೆಂದು ಆಫೀಸಿನಲ್ಲಿ ಹೇಳಿದರು. ಚಂದ್ರಶೇಖರ ಮನೆಯವರಿಗೆ ವರದಿ ಒಪ್ಪಿಸಿದ: “ಲೋಕಲ್ ಗೈಡ್ ಒಬ್ರನ್ನ ತಗೊಂಡಿದೀನಿ. ಸೀನರಿ ಎಲ್ಲ ತೋರಿಸ್ತಾರೆ.”

ಮೊದಲ ಮೂರು ದಿನ ದೋಣಿಯಲ್ಲಿ ಅವರವರ ಕೆಲಸ ಅವರವರಿಗೆ ಗೊತ್ತಿತ್ತು. ಚಂದ್ರಶೇಖರ ಲ್ಯಾಮಿನೇಟ್ ಮಾಡಿಸಿ ತಂದ ಪಟ್ಟಿಯಲ್ಲಿ ತಾರಿಣಿಯ ಹೆಸರಿನ ಮುಂದೆ ತಿಂಡಿ, ಊಟ, ಕಾಫಿ, ಊಟ ಎಂದಿತ್ತು. ತನ್ನ ಹೆಸರಿನ ಮುಂದೆ ‘ಕಮಾಂಡ್’. ದೋಣಿ ನಡೆಸಿದವಳು ವರ್ನಾ. ಕಮಾಂಡ್ ಮಾಡಬೇಕಾದವನು ಅಲೆ ಎದ್ದ ಕಡೆಯಲ್ಲೆಲ್ಲ ಬಕೆಟ್ ಅಪ್ಪಿಕೊಂಡು ಮಲಗಿರುತ್ತಿದ್ದ. ಸಂಜೆ ಲಂಗರು ಹಾಕಿ ಸಮುದ್ರ ಶಾಂತವಾದ ಮೇಲೆ ಎದ್ದು, ಮುಖ ತೊಳೆದು, ಟೋಪಿ ಏರಿಸಿ, ಚುಕ್ಕಾಣಿ ಹಿಡಿದು ನಿಲ್ಲುತ್ತಿದ್ದ. ಕೂಟದ ವಾಟ್ಸ್ಆ್ಯಪ್ ಗುಂಪಿಗೆ ವಿಡಿಯೊ ಹೋಗಬೇಕಲ್ಲ.

“ಸ್ನೇಹಿತರೇ, ಈಗ ನಾವು ಅಟ್ಲಾಂಟಿಕ್‌ನ ಅಲೆಗಳನ್ನು ಎದುರಿಸುತ್ತಾ...”

“ಅಪ್ಪ, ವಿ ಆರ್ ಪಾರ್ಕ್ಡ್,” ಎಂದಳು ವಿಡಿಯೊ ಹಿಡಿದಿದ್ದ ಲಾಸ್ಯಾ. ಅದೂ ರೆಕಾರ್ಡ್ ಆಯಿತು. ಮತ್ತೆ ಮೊದಲಿನಿಂದ.

ಜವರಮ್ಮನಿಗೆ ವರ್ನಾ ‘ವರ್ಣಮ್ಮ’ ಆಗಿಬಿಟ್ಟಿದ್ದಳು. ಒಬ್ಬಳು ಮಂಡ್ಯದ ಕನ್ನಡದಲ್ಲಿ, ಇನ್ನೊಬ್ಬಳು ಆ್ಯಂಟಿಗಾದ ಇಂಗ್ಲಿಷಿನಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಮಗನ ಚಿತ್ರೀಕರಣವನ್ನು ಮೂರು ಸಂಜೆ ನೋಡಿದ ಮೇಲೆ ಜವರಮ್ಮ ಸೊಸೆಯ ಕಡೆ ತಿರುಗಿದಳು.

“ನಮ್ಮೂರ ಹೊಳೇಲಿ ಹರಿಗೋಲ್ನಾಗೆ ಕುರಿ, ಮೂಟೆ, ಬಾಣಂತೀರು ಎಲ್ಲಾನೂ ದಾಟುಸ್ತಿದ್ರು ಕಣಮ್ಮಿ. ಆ ಅಂಬಿಗ್ರಯ್ಯ ಒಂದಿನಾನೂ ಟೋಪಿ ಇಕ್ಕಿದ್ದು ನಾ ಕಾಣೆ.”

ನಾಲ್ಕನೆಯ ದಿನ ದ್ವೀಪದ ಉತ್ತರಕ್ಕೆ, ಒಂದು ಹಳ್ಳಿಯೆದುರಿನ ಕೊಲ್ಲಿಯಲ್ಲಿ ಲಂಗರು ಹಾಕಿದ್ದರು. ವರ್ನಾ ಐಸು, ತರಕಾರಿ ತರಲು ಪುಟ್ಟ ರಬ್ಬರ್ ದೋಣಿಯಲ್ಲಿ ದಡಕ್ಕೆ ಹೊರಟಳು. ಕಾಲಾಡಿಸಿ ಬರುತ್ತೇನೆಂದು ಜವರಮ್ಮನೂ ಜೊತೆಗೆ. ಏನನ್ನೂ ಮುಟ್ಟಬೇಡ ಎಂದು ವರ್ನಾ ಚಂದ್ರಶೇಖರನಿಗೆ ಎರಡು ಸಲ ಹೇಳಿದಳು. ‘ಶೂರ್, ಶೂರ್’ ಎಂದ.

ಅವರು ದಡ ಸೇರಿದ್ದೇ ತಡ, ಲಾಸ್ಯಾಳಿಗೆ ಫೋನು ಹಿಡಿಯಲು ಹೇಳಿದ. ಹಾಯಿ ಬಿಚ್ಚಿದ ದೋಣಿಯನ್ನು ತಾನು ನಡೆಸುತ್ತಿರುವ ಒಂದೇ ಒಂದು ವಿಡಿಯೊ ಇರಲಿಲ್ಲ. ಗುಂಡಿ ಒತ್ತಿ ಲಂಗರು ಎಳೆದ. ಹಗ್ಗ ಜಗ್ಗಿ ಮುಂದಿನ ಹಾಯಿ ಬಿಚ್ಚಿದ. ಹಾಯಿ ಫಟ್ಟನೆ ತುಂಬಿಕೊಂಡಿತು. ಆಮೇಲೆ ಏನು ಮಾಡಬೇಕೆಂಬುದು ಮೂರನೇ ವಾರಾಂತ್ಯದ ಪಾಠವಾಗಿತ್ತು.

ದೋಣಿ ಅಡ್ಡಡ್ಡ ಸಾಗಿತು. ಅವನು ಚುಕ್ಕಾಣಿಯನ್ನು ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ, ದೇವರ ಹೆಸರು ಹೇಳಿದ. ಕೆಳಗಿನಿಂದ ಹಿಟ್ಟು ಬೀಸಿದಂಥ ಸದ್ದು ಬಂತು. ದೋಣಿ ನಿಂತು, ನಿಧಾನವಾಗಿ ಒಂದು ಮಗ್ಗುಲಿಗೆ ವಾಲಿತು. ಅಡುಗೆ ಕಟ್ಟೆಯಿಂದ ಸಾರಿನ ಪಾತ್ರೆ ಜಾರಿ ನೆಲಕ್ಕೆ ಬಿದ್ದಿತು.

ತಾರಿಣಿ ಮೇಲೆ ಬಂದಳು. ಟೀವಿ ಸೀರಿಯಲ್ಲಿನ ಹೆಂಡತಿಯರ ಹಾಗೆ ಅವಳೇನೂ ಕಿರುಚಲಿಲ್ಲ. ಸೌಟು ಕೈಯಲ್ಲೇ ಇತ್ತು.

“ಡೋಂಟ್ ಪ್ಯಾನಿಕ್! ನಾನು ಮೇಡೇ ಕಾಲ್ ಮಾಡ್ತೀನಿ!” ಎಂದ ಚಂದ್ರಶೇಖರ ರೇಡಿಯೊ ಹಿಡಿದು, ಮುಳುಗುವ ಹಡಗುಗಳು ಕೂಗುವ ಮೊರೆಯನ್ನು ಮೂರು ಸಲ ಕೂಗಿದ. ದೋಣಿ ಮುಳುಗುತ್ತಿದೆಯೇ ಎಂದು ಯಾರೋ ಸಮಾಧಾನದಿಂದ ಕೇಳಿದರು. ಇಲ್ಲ, ನಿಂತಿದೆ ಎಂದ. ಹಾಗಾದರೆ ನೀವೂ ಸ್ವಲ್ಪ ನಿಂತುಕೊಂಡಿರಿ ಎಂದಿತು ರೇಡಿಯೊ. ಸುತ್ತಲ ದೋಣಿಗಳಲ್ಲೆಲ್ಲ ಅದು ಕೇಳಿಸಿರಬೇಕು. ಹತ್ತಿರದ ಒಂದರಿಂದ ನಗು ನೀರಿನ ಮೇಲೆ ತೇಲಿ ಬಂತು.

ಲಾಸ್ಯಾ ಅಂಚಿನಿಂದ ಇಣುಕಿದಳು. “ಅಪ್ಪ, ಐ ಕ್ಯಾನ್ ಸೀ ದ ಸ್ಯಾಂಡ್.” ಧುಮುಕಿ ನಿಂತು ತೋರಿಸಿದಳು. ನೀರು ಎದೆಮಟ್ಟ.

ತಾರಿಣಿ ಒಳಗೆ ಹೋಗಿ ಲೈಫ್ ಜಾಕೆಟ್ ತೊಟ್ಟು, ಪಾಸ್‌ಪೋರ್ಟು, ಕಾರ್ಡು, ಎರಡು ಜೊತೆ ಬಟ್ಟೆ ತುಂಬಿದ ಚೀಲ ಹಿಡಿದು ಹೊರಬಂದಳು.

“ನಾಲ್ಕು ದಿನದಲ್ಲಿ ಹನ್ನೊಂದು ಸಲ ಅಡುಗೆ ಮಾಡಿದೀನಿ,” ಎಂದಳು. “ಹನ್ನೆರಡನೇದು ನೆಲದ ಮೇಲಿದೆ. ಬೇಕಾದ್ರೆ ಬಡಿಸ್ಕೊಳ್ಳಿ.”

“ತಾರಿಣಿ, ಕ್ಯಾಪ್ಟನ್ ಪರ್ಮಿಷನ್ ಇಲ್ದೆ ಯಾರೂ ಬೋಟ್ ಇಳಿಯೋ ಹಾಗಿಲ್ಲ!”

ಅವಳು ಏಣಿ ಇಳಿದಳು. ಕಾಲಿಗೆ ಮರಳು ಸಿಗುವವರೆಗೆ ಕಣ್ಣು ಮುಚ್ಚಿದ್ದಳು. ಚೀಲವನ್ನು ತಲೆಯ ಮೇಲಿಟ್ಟುಕೊಂಡು ದಡದ ಕಡೆ ಹೆಜ್ಜೆ ಹಾಕಿದಳು.

“ನಿಂಗೆ ಈಜು ಬರಲ್ವಲ್ಲೇ!” ಎಂದು ಮೇಲಿನಿಂದ ಕೂಗಿದ.

“ಈಜ್ತಾ ಇಲ್ಲ ರೀ,” ಎಂದಳು ಅವಳು ಹಿಂದೆ ತಿರುಗದೆ. “ನಡೀತಾ ಇದೀನಿ.”

ನೀರು ಎದೆಯಿಂದ ಸೊಂಟಕ್ಕೆ, ಸೊಂಟದಿಂದ ಮೊಣಕಾಲಿಗೆ ಇಳಿಯಿತು. ದಡದ ಮರದಡಿ ಜವರಮ್ಮ, ವರ್ನಾ ಇಬ್ಬರೂ ಸುಟ್ಟ ಜೋಳ ತಿನ್ನುತ್ತ ಕೂತಿದ್ದರು.

“ಯಾಕಮ್ಮಿ, ದೋಣಿ ಮಗ್ಗುಲಾಗಿ ಮಲ್ಕಂಡದೆ?” ಎಂದಳು ಜವರಮ್ಮ.

“ಅದಕ್ಕೂ ಸುಸ್ತಾಗಿದೆ ಅತ್ತೆ.”

ವರ್ನಾ ಜೋಳ ಪೂರ್ತಿ ಮುಗಿಸಿಯೇ ಎದ್ದಳು. ಮೀನುಗಾರರ ಎರಡು ದೋಣಿ ಕರೆದು, ಹಗ್ಗ ಕಟ್ಟಿ ಎಳೆಸಿ, ಹೊತ್ತು ಮುಳುಗುವುದರೊಳಗೆ ದೋಣಿಯನ್ನು ಆಳದ ನೀರಿಗೆ ತಂದಳು. ಆಮೇಲೆ ಚಂದ್ರಶೇಖರನಿಗೆ ಒಂದು ಬ್ರಷ್ ಕೊಟ್ಟು ಸಾರು ಚೆಲ್ಲಿದ ನೆಲ ತೋರಿಸಿದಳು.

ತಾರಿಣಿ ಮರಳಿ ದೋಣಿ ಹತ್ತಲಿಲ್ಲ. ಹಳ್ಳಿಯ ಹೆಂಗಸೊಬ್ಬಳು ನಡೆಸುವ ಪುಟ್ಟ ವಸತಿಗೃಹದಲ್ಲಿ ಅತ್ತೆ ಸೊಸೆ ಮೂರು ದಿನ ಇದ್ದರು. ಮೊದಲ ರಾತ್ರಿ ತಟ್ಟೆಗೆ ಬಂದದ್ದು ಮೆಕ್ಕೆಜೋಳದ ಹಿಟ್ಟಿನ ಉಂಡೆ, ಸೊಪ್ಪಿನ ಗಟ್ಟಿ ಸಾರು. ಜವರಮ್ಮ ಮುರಿದು, ಸಾರಿನಲ್ಲಿ ಅದ್ದಿ, ನುಂಗಿ, ಕಣ್ಣರಳಿಸಿದಳು. “ಮುದ್ದೆ ಕಣಮ್ಮಿ ಇದು! ರಾಗಿ ಒಂದಿಲ್ಲ, ಅಷ್ಟೇಯ.” ತಾರಿಣಿ ಮೂರು ದಿನವೂ ಉಂಡ ತಟ್ಟೆಯನ್ನು ಮೇಜಿನ ಮೇಲೇ ಬಿಟ್ಟು ಎದ್ದಳು. ಮೊದಲ ದಿನ ಕೈ ತಾನಾಗಿ ತಟ್ಟೆಯ ಕಡೆ ಹೋಗಿತ್ತು. ಅತ್ತೆಯೇ ಹಿಡಿದು ಕೂರಿಸಿದಳು.

ಅತ್ತ ದೋಣಿಯಲ್ಲಿ ಚಂದ್ರಶೇಖರ ಹಗ್ಗ ಸುತ್ತಿದ, ಪಾತ್ರೆ ತೊಳೆದ, ಮೂರು ದಿನ ಉಪ್ಪಿಟ್ಟು ಮಾಡಿದ. ಮೂರನೆಯ ಉಪ್ಪಿಟ್ಟಿಗೆ ವರ್ನಾ, ನಾಳೆ ಬರೀ ಬ್ರೆಡ್ ಸಾಕು ಎಂದಳು. ಆರನೆಯ ಸಂಜೆ ಅವನು, ದೋಣಿಯಲ್ಲೇ ಉಳಿದಿದ್ದ ಮಗಳ ಹತ್ತಿರ ಬಂದು ಕೂತ.

“ಅಮ್ಮ ಮೆಸೇಜ್ ಏನಾದ್ರೂ ಮಾಡಿದ್ಲಾ?”

“ಫುಡ್ ಪಿಕ್ಚರ್ಸ್ ಕಳಿಸಿದಾರೆ,” ಎಂದು ಲಾಸ್ಯಾ ಫೋನು ತೋರಿಸಿದಳು. ಅವನು ಒಂದೊಂದನ್ನೂ ಬೆರಳಿನಿಂದ ದೊಡ್ಡದು ಮಾಡಿ ನೋಡಿದ. ಅವುಗಳಲ್ಲಿ ಎಲ್ಲಿಯೂ ತಾರಿಣಿ ಇರಲಿಲ್ಲ. ಒಂದು ಚಮಚದಲ್ಲಿ ಅವಳ ಹಸಿರು ಕುರ್ತಾದ ನೆರಳು ಕಂಡಂತಾಗಿ ಅದನ್ನೇ ಬಹಳ ಹೊತ್ತು ನೋಡಿದ. ಆ ಒಂದು ಸಂಜೆ ಅವನು ಮನುಷ್ಯನ ಹಾಗೆ ಕಂಡನೆಂದು ಲಾಸ್ಯಾ ಆಮೇಲೆ ಹೇಳಿದಳು.

ನ್ಯೂ ಜೆರ್ಸಿಯ ನೆಲ ಮುಟ್ಟಿದೊಡನೆ ಆ ಕಾಯಿಲೆ ಗುಣವಾಯಿತು. ಕೂಟದ ಮುಂದಿನ ಸಭೆಯಲ್ಲಿ ನಲವತ್ತೆರಡು ಸ್ಲೈಡುಗಳ ಭಾಷಣ. ‘ದೋಣಿ ಮರಳಿಗೆ ತಾಗಿದಾಗ ನಾಯಕತ್ವ’ ಎಂದೂ ಒಂದು ಸ್ಲೈಡಿತ್ತು. ಕಾರ್ಯದರ್ಶಿ ನವನೀತ್, ಮೇಡಂ ಅನುಭವ ಹೇಗಿತ್ತು ಎಂದು ಸಭಿಕರ ನಡುವೆ ಕೂತಿದ್ದ ತಾರಿಣಿಯನ್ನು ಕೇಳಿದ.

“ಅವರು ಏಳು ದಿನ ಹಾಲಿಡೇ ಹೋಗಿದ್ರು,” ಎಂದಳು ತಾರಿಣಿ. “ನಾನು ಮೂರು ದಿನ.”

ಸಭೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ಚಂದ್ರಶೇಖರ ನಕ್ಕ.

ಜೂನ್‌ನಲ್ಲಿ ತಾರಿಣಿ ಊರಿನ ಈಜುಕೊಳದಲ್ಲಿ ದೊಡ್ಡವರ ತರಗತಿಗೆ ಸೇರಿದಳು. ತಾನೂ ಬರುತ್ತೇನೆಂದು ಚಂದ್ರಶೇಖರ ಹಟ ಹಿಡಿದು, ಮೊದಲ ಶನಿವಾರ ಬೆಂಚಿನ ಮೇಲೆ ಕೂತು “ಕಿಕ್ ಮಾಡು! ಉಸಿರು ಬಿಡು!” ಎಂದು ಕೂಗಿದ. ಕಲಿಸುತ್ತಿದ್ದ ನಿವೃತ್ತ ಟೀಚರಮ್ಮ ಸೀಟಿ ಊದಿ ಅವನನ್ನು ಹೊರಗಿನ ಹಜಾರಕ್ಕೆ ಕಳಿಸಿದಳು. ಹಜಾರಕ್ಕೂ ಕೊಳಕ್ಕೂ ನಡುವೆ ಗಾಜಿನ ಗೋಡೆ. ಎಂಟನೆಯ ಶನಿವಾರ ತಾರಿಣಿ ಯಾರ ಕೈಯನ್ನೂ ಹಿಡಿಯದೆ ಕೊಳದ ಆಚೆ ಅಂಚು ಮುಟ್ಟಿದಳು. ಕೆಮ್ಮಿದಳು, ಮೂಗು ಒರೆಸಿಕೊಂಡಳು, ಅತ್ತಿತ್ತ ನೋಡದೆ ಮತ್ತೆ ಈಚೆಗೆ ಹೊರಟಳು. ಚಂದ್ರಶೇಖರ ಅದನ್ನು ನೋಡಲಿಲ್ಲ. ಗಾಜಿಗೆ ಬೆನ್ನು ಮಾಡಿ, ಹೆಂಡತಿಯನ್ನು ಕಾಯುತ್ತ ಕೂತಿದ್ದ ಇನ್ನೊಬ್ಬ ಗಂಡನಿಗೆ, ನೀರಿನಲ್ಲಿ ಉಸಿರಾಡುವ ಸರಿಯಾದ ಕ್ರಮವನ್ನು ಅವನು ವಿವರಿಸುತ್ತಿದ್ದ.