ಬಾಕ್ಸರ್ ಮುನಿರಾಜುವಿನ ಊರುಗಳು

ಪಂದ್ಯ ಹತ್ತಿರ ಬಂತೆಂದರೆ ಮುನಿರಾಜು ಉಗುಳಲು ಶುರು ಮಾಡುತ್ತಿದ್ದ. ಶ್ರೀರಾಂಪುರದ ನನ್ನ ಟೈಲರ್ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಚ್ಯೂಯಿಂಗ್ ಗಮ್ ಅಗಿಯುತ್ತ, ಖಾಲಿ ನೀರಿನ ಬಾಟಲಿಯೊಳಗೆ ಇಡೀ ದಿನ ಉಗುಳುವುದು. ಮೈಯ ನೀರು ಹೋದಷ್ಟೂ ತೂಕ ಇಳಿಯುತ್ತದೆ. ತೂಕ ಇಳಿಯದಿದ್ದರೆ ಪಂದ್ಯವಿಲ್ಲ. ಬ್ಲೌಸ್ ಅಳತೆ ಕೊಡಲು ಬಂದ ಹೆಂಗಸರು ಆ ಬಾಟಲಿ ನೋಡಿ ಮುಖ ಸಿಂಡರಿಸಿಕೊಂಡು ವಾಪಸ್ ಹೋಗುತ್ತಿದ್ದರು.

"ಲೋ, ಆ ದರಿದ್ರಾನ ಆಚೆ ಎಸೆಯೋ" ಎಂದು ನಾನು ಬೈದರೆ, ಬಾಟಲಿಯನ್ನು ಬೆಳಕಿಗೆ ಹಿಡಿದು, "ಅರ್ಧ ಕೆ.ಜಿ. ಕಣಣ್ಣಾ ಇದು" ಎಂದು ಹೆಮ್ಮೆಪಡುತ್ತಿದ್ದ. ನನಗೆ ಅವತ್ತು ಊಟ ಸೇರುತ್ತಿರಲಿಲ್ಲ.

ಅವನು ಗೆಲ್ಲುವ ಬಾಕ್ಸರ್ ಅಲ್ಲ. ದೊಡ್ಡ ಹೋಟೆಲುಗಳ ಹಾಲ್‌ಗಳಲ್ಲಿ, ಜನ ಬಿಯರ್ ಗ್ಲಾಸು ಹಿಡಿದು ನೋಡುವ ಪಂದ್ಯಗಳು ಅವು. ದುಡ್ಡಿರುವವರ ಮಗನೊಬ್ಬ ಚಾಂಪಿಯನ್ ಆಗಬೇಕಾದರೆ ಅವನ ಏಟಿಗೆ ಮೊದಲು ಒಂದಷ್ಟು ಜನ ಬೀಳಬೇಕು. ಮುನಿರಾಜು ಹಾಗೆ ಬೀಳುವವನು. ಪಕ್ಕದ ಬೀದಿಯವನು ಬಿದ್ದರೆ ಮಜಾ ಇಲ್ಲವೆಂದು ಪಂದ್ಯ ನಡೆಸುವ ಕಿರಣ್ ಸಾರ್ ಅವನನ್ನು ಒಮ್ಮೆ ಕೊಲ್ಹಾಪುರದವನು, ಇನ್ನೊಮ್ಮೆ ವಿಜಯವಾಡದವನು ಎಂದು ಮೈಕಿನಲ್ಲಿ ಕೂಗಿಸುತ್ತಿದ್ದರು. ರಿಂಗಿಗೆ ಬರುವಾಗ ಅವನು ಹೊದ್ದುಕೊಳ್ಳುವ ಗೌನಿನ ಬೆನ್ನ ಮೇಲಿನ ಹಳೆಯ ಊರಿನ ಹೆಸರು ಬಿಚ್ಚಿ ಹೊಸ ಊರು ಹೊಲಿಯುವುದು ನನ್ನ ಕೆಲಸ. ಎಂಥ ಹೇಸಿಗೆ ವ್ಯಾಪಾರವೋ ಎಂದು ಬೈದರೆ ನಗುತ್ತಿದ್ದ.

"ಬೀಳೋದೂ ಕಲೀಬೇಕಣ್ಣಾ. ತಲೆ ನೆಲಕ್ಕೆ ತಾಕದಂಗೆ ಬೀಳೋಕೆ ಎಲ್ರಿಗೂ ಬರಲ್ಲ."

ಎಡಗಣ್ಣಿನ ಮುಂದೆ ಕಪ್ಪು ಚುಕ್ಕೆಗಳು ಹಾರಾಡತೊಡಗಿದಾಗ ಅವನನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದವನು ನಾನೇ. "ಇನ್ನೊಂದು ಏಟು ಬಿದ್ರೆ ಈ ಕಣ್ಣು ಹೋಗತ್ತೆ. ಬಿಟ್ಬಿಡಿ" ಎಂದರು ಡಾಕ್ಟರಮ್ಮ. ಹೊರಗೆ ಬಂದು ಆಟೋ ಹತ್ತುವಾಗ ಮುನಿರಾಜು ಹೇಳಿದ: "ಒಂದೇ ಒಂದ್ಸಲ ಮೈಕಲ್ಲಿ ನಮ್ಮ ಶ್ರೀರಾಂಪುರ ಅಂತ ಕೂಗ್ಲಿ ಅಣ್ಣಾ. ಆಮೇಲೆ ಬಿಟ್ಬಿಡ್ತೀನಿ." ಕಣ್ಣಿನ ವಿಷಯ ಗೊತ್ತಿದ್ದೂ ಕಿರಣ್ ಸಾರ್ ತಕ್ಷಣ ಒಪ್ಪಿದರು. ನಮ್ಮ ಏರಿಯಾದ ಜನ ಟಿಕೆಟ್ ತೆಗೆದುಕೊಳ್ಳುತ್ತಾರಲ್ಲ! ಮೂರನೇ ರೌಂಡಿನಲ್ಲಿ ಬೀಳುವುದೆಂದು ಮಾತಾಯಿತು.

ಮೈಕಿನಲ್ಲಿ ಶ್ರೀರಾಂಪುರ ಎಂದದ್ದೇ ತಡ, ನಮ್ಮ ಬೀದಿಯವರ ಶಿಳ್ಳೆಗೆ ಹಾಲ್‌ನ ಸೂರೇ ಕಿತ್ತುಹೋಯಿತು. ಎರಡನೇ ರೌಂಡಿನಲ್ಲೇ ಹುಬ್ಬು ಒಡೆದು ರಕ್ತ ಸುರಿಯಿತು. ಮೂರನೆಯದರಲ್ಲಿ ಅವನ ಮೊಣಕಾಲು ಬಾಗಿದ್ದು ನಾನು ನೋಡಿದೆ. ಬೀಳುವವನೇ ಇದ್ದ. ಅಷ್ಟರಲ್ಲಿ ನಮ್ಮವರೇ, "ಬೀಳ್ಬೇಡ ಮಗಾ! ಶ್ರೀರಾಂಪುರದ ಮಾನ ಕಣೋ!" ಎಂದು ಅರಚಿದರು. ಅವನು ನೆಟ್ಟಗೆ ನಿಂತುಬಿಟ್ಟ. ಎದುರಿನ ಹುಡುಗ ಹುಡುಕಿ ಹುಡುಕಿ ಆ ಎಡಗಣ್ಣಿಗೇ ಹೊಡೆದ. ನನ್ನ ಪಕ್ಕದವನು ರಕ್ತವನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿಕೊಂಡು ವಿಡಿಯೋ ತೆಗೆಯುತ್ತಿದ್ದ. "ಬಿದ್ಬಿಡೋ ಮುನಿ, ಬಿದ್ಬಿಡೋ" ಎಂದು ನಾನೊಬ್ಬನೇ ಗಂಟಲು ಹರಿದುಕೊಂಡೆ. ಕೊನೆಯ ಗಂಟೆ ಬಾರಿಸುವವರೆಗೂ ಅವನು ಬೀಳಲಿಲ್ಲ. ಪಂದ್ಯ ಸೋತ, ಕಣ್ಣೂ ಹೋಯಿತು.

ಆಸ್ಪತ್ರೆಯ ವಾರ್ಡಿಗೆ ಕಿರಣ್ ಸಾರ್ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ ಹಿಡಿದು, ಜೊತೆಗೆ ಫೋಟೋದವನನ್ನೂ ಕರೆದುಕೊಂಡು ಬಂದರು. ಪೇಟ ಸರಿಯಾಗಿ ಕೂರಲಿಲ್ಲವೆಂದು ಕಣ್ಣಿನ ಬ್ಯಾಂಡೇಜನ್ನೇ ಒಂದಿಷ್ಟು ಸರಿಸಿದರು. "ಮುನಿ, ಆ ಕಡೆ ಬೇಡ, ಈ ಕಡೆ ತಿರುಗು" ಎಂದಾಗ ಅವನು ವಿಧೇಯನಾಗಿ ತಿರುಗಿ ನಕ್ಕ.

ಅವರೆಲ್ಲ ಹೋದ ಮೇಲೆ ನಾನು ಹತ್ತಿರ ಕೂತು, "ಇನ್ನು ಮುಗೀತಲ್ಲಪ್ಪ, ಬಿಟ್ಟಾಯ್ತಲ್ಲ" ಎಂದೆ.

"ಇಲ್ಲಣ್ಣಾ" ಎಂದ, ಪೇಟ ಇನ್ನೂ ತಲೆಯ ಮೇಲೆಯೇ ಇತ್ತು. "ಮುಂದಿನ ತಿಂಗಳು ಇನ್ನೊಂದಿದೆ. ಸೋಲೋಕೆ ಒಂದು ಕಣ್ಣು ಸಾಕಂತೆ, ಸಾರ್ ಹೇಳಿದ್ರು."

"ಮುಂದಿನ ಊರು ಬೇರೆಯವರ ಕೈಲಿ ಹೊಲಿಸ್ಕೋ" ಎಂದು ನಾನು ಎದ್ದು ಬಂದೆ. ಅವನನ್ನು ನೋಡಿದ್ದು ಅದೇ ಕೊನೆ.