ಸಮುದ್ರದ ಪಾಚಿಗೆ ಎಂಥ ಮಣ್ಣು?

ನಮ್ಮ ಯಜಮಾನರಿಗೆ ಎದೆಯ ಆಪರೇಷನ್ ಆದಮೇಲೆ ಡಾಕ್ಟರು ಗುದ್ದಲಿ ಹಿಡಿಯಕೂಡದು ಅಂದರು. ಹೊಲಕ್ಕೆ ಹೋಗಿ ನೋಡಿಕೊಂಡು ಬರಲು ಅಡ್ಡಿಯಿಲ್ಲ ಅಂತಲೂ ಬಿಡಿಸಿ ಹೇಳಿದ್ದರು. ಗೆಯ್ಯದವನಿಗೆ ಹೊಲದಲ್ಲಿ ಏನು ಕೆಲಸ ಎಂದು ಇವರು ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. ಮಾತಿಲ್ಲ, ಕತೆಯಿಲ್ಲ. ಮುದ್ದೆ ಇಟ್ಟರೆ ಅರ್ಧ ನುಂಗಿ ತಟ್ಟೆ ತಳ್ಳುವರು. ಬದುಕಿ ಬಂದ ಗಂಡನನ್ನು ಹೀಗೆ ಕಳೆದುಕೊಳ್ಳುತ್ತೇನೇನೋ ಎಂದು ನನಗೆ ಒಳಗೊಳಗೇ ಭಯ, ಮೇಲೆ ಮೈಯೆಲ್ಲ ಕೋಪ.

ಹುಣಸೂರಿನಲ್ಲಿ ಅಲಂಕಾರದ ಮೀನು ಮಾರುವ ನನ್ನ ತಮ್ಮ, ಭಾವನ ಮನಸ್ಸು ಹಗುರಾಗಲಿ ಎಂದು ಒಂದು ಗಾಜಿನ ತೊಟ್ಟಿ ತಂದಿಟ್ಟ. ಅವನ ಅಂಗಡಿಯಲ್ಲಿ ಅದು ಬಿಕರಿಯಾಗದೆ ಕೂತಿತ್ತು ಅನ್ನುವುದು ಬೇರೆ ಮಾತು. ಒಳಗೆ ಮೀನೇ ಇಲ್ಲ. ಉಪ್ಪು ಕದಡಿದ ನೀರು, ಅದರಲ್ಲಿ ತೇಲುವ ಒಂದು ಹಿಡಿ ಸಮುದ್ರದ ಪಾಚಿ. ಕೋಳಿಪುಕ್ಕದಂಥ ಎಲೆ, ಕೆಳಗೆ ಸಣ್ಣ ಬಳ್ಳಿ. ತಳಕ್ಕೆ ಏನು ಹಾಸುತ್ತೀರೋ ನೀವೇ ನೋಡಿಕೊಳ್ಳಿ ಎಂದು ಹೋದ. ಪಿರಿಯಾಪಟ್ಟಣದಲ್ಲಿ ಸಮುದ್ರದ ಬೇಸಾಯ! ನಮಗೂ ಬೇರೆ ಕೆಲಸವಿಲ್ಲ.

ಆದರೆ ಇವರು ಎದ್ದು ಕೂತರು. ಹೊಗೆಸೊಪ್ಪಿನ ಸಸಿ ಎಬ್ಬಿಸುವುದರಲ್ಲಿ ಸುತ್ತಲ ಹಳ್ಳಿಗೆಲ್ಲ ಇವರೇ ಗುರು. ನೆಲವಿಲ್ಲದ ಗಿಡ ಕಂಡರೆ ಸುಮ್ಮನಿರುವುದುಂಟೆ? ಸಸಿ ಟ್ರೇಗೆ ತುಂಬುವ ತೆಂಗಿನ ನಾರಿನ ಪುಡಿ ಸುರಿದರು. ಮಾರನೆಯ ದಿನ ತೊಟ್ಟಿ ತುಂಬ ಕಷಾಯ. ನೀರು ಬದಲಾಯಿಸಿ, ಕೆಮ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ಹಾಕಿದರು. ಆ ನಾತಕ್ಕೆ ಬೆಕ್ಕು ಮನೆ ಬಿಟ್ಟಿತು. ನಾನು ಬಾಯಿಗೆ ಬಂದಹಾಗೆ ಬೈದೆ. ಇವರೂ ತಿರುಗಿ ಬೈದರು. ಎಷ್ಟೋ ದಿನದ ಮೇಲೆ ಇವರ ಬಾಯಲ್ಲಿ ಬೈಗುಳ ಕೇಳಿ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಅಷ್ಟರಲ್ಲಿ ಪಾಚಿ ಕೊಳೆತು ಒಂದೇ ತುಂಡು ಉಳಿದಿತ್ತು. ವಿಷಯ ತಿಳಿದು ತಮ್ಮ ಹಣೆ ಚಚ್ಚಿಕೊಂಡು, ಹವಳದ ಮರಳು ತಂದುಕೊಟ್ಟ. ಪಾಚಿ ತನಗೆ ಬೇಕಾದ್ದನ್ನೆಲ್ಲ ನೀರಿನಿಂದಲೇ ಹೀರಿಕೊಳ್ಳುತ್ತದಂತೆ. ಸಾರವಿಲ್ಲದ ಈ ಬಿಳಿ ಪುಡಿಯಲ್ಲಿ ಏನು ಬಂದೀತು ಎಂದು ಇವರು ಮೂಗು ಮುರಿದರು. ಆದರೂ ತೊಳೆದು ಹಾಸಿ, ತುಂಡನ್ನು ಊರಿ, ದಿನವೂ ಗಾಜಿನ ಮುಂದೆ ಕಾವಲು ಕೂತರು.

ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿದ್ದ ನನ್ನನ್ನು ಕೂಗಿ ಕರೆದರು. ಬಳ್ಳಿಯಿಂದ ಕೂದಲೆಳೆಯಂಥವು ಇಳಿದು ಮರಳನ್ನು ಕಚ್ಚಿಕೊಂಡಿದ್ದವು.

"ಮಣ್ಣು ಇದ್ಕೆ ಹೊಟ್ಟೆಗಲ್ಲ ಕಣಮ್ಮಿ, ಹಿಡ್ಕಂಡಿರಕ್ಕೆ," ಅಂದರು.

ಆಮೇಲೆ ಗಾಜಿನಿಂದ ಕಣ್ಣು ತೆಗೆಯದೆ, "ನನ್ನ ಹೊಲದ್ ತಾವ ಕರ್ಕೊಂಡೋಯ್ತೀಯಾ? ಏನೂ ಮುಟ್ಟಕಿಲ್ಲ. ಸುಮ್ಕೆ ಕುಂತಿರ್ತೀನಿ," ಅಂದರು.

ಉಪ್ಪಿಟ್ಟು ಆರಿದರೆ ಆರಲಿ ಎಂದು ಒಲೆ ನಂದಿಸಿ ಸ್ಕೂಟರು ಹೊರಗೆ ತೆಗೆದೆ.