ಬಾವಿಗಿಳಿದ ಚೀಲ

ನಿನ್ನೆ ಬಂದರಿಗೆ ಚೀಲ ಕೊಳ್ಳಲು ಹೋಗಿದ್ದೆ. ಯುದ್ಧ ನಮ್ಮ ಕಡಲಿಗೂ ಬಂದೀತು, ಮನೆಗೊಂದು ಚೀಲ ಕಟ್ಟಿಟ್ಟು ಸಿದ್ಧವಾಗಿರಿ ಎಂದು ಬೀದಿಬೀದಿಯಲ್ಲಿ ಡಂಗುರ ಸಾರಿದ್ದಾರಲ್ಲ, ಅದಕ್ಕಾಗಿ. ಅಂಗಡಿಯ ಬ್ಯಾರಿ ಮಿಲಿಟರಿಯವರದ್ದೆಂದು ಒಂದು ಕ್ಯಾನ್‌ವಾಸ್ ಚೀಲವನ್ನು ಮುಂದೆ ಹಾಕಿ, "ನೋಡಿ ಮಾಷ್ಟ್ರೇ, ಎಂಟು ಕಿಸೆ ಉಂಟು. ನಿಮ್ಮ ಕೋಟಿನಲ್ಲೂ ಇಷ್ಟು ಇಲ್ಲ" ಎಂದ. ನಾನು ಚೀಲವನ್ನು ಮೂಗಿಗೆ ಹಿಡಿದೆ. ಮೇಣ, ಮೀನೆಣ್ಣೆ, ಬಿಸಿಲಿಗೆ ಕಾದ ಬಟ್ಟೆ. ನೀವು ಅಲ್ಲಿದ್ದಿದ್ದರೆ ನಗುತ್ತಿದ್ದಿರಿ. ತಲೆ ನರೆತ ಮೇಷ್ಟ್ರೊಬ್ಬ ನಡು ಅಂಗಡಿಯಲ್ಲಿ ಚೀಲದೊಳಗೆ ಮುಖವಿಟ್ಟು ಕಣ್ಣೊರೆಸಿಕೊಳ್ಳುತ್ತಿದ್ದ.

ಅದು ನನ್ನ ದೊಡ್ಡಮ್ಮನ ಚೀಲದ ವಾಸನೆ. ತಾಯಿಯಿಲ್ಲದ ನನ್ನನ್ನೂ ಅಕ್ಕನನ್ನೂ ಸಾಕಿದವಳು ಅವಳು. ನಮ್ಮ ಮನೆ ಬಂದರಿನ ಗೋದಾಮುಗಳ ಹಿಂದೆ, ಹೊಳೆಗೆ ಮೈ ತಾಗಿಸಿಕೊಂಡಿತ್ತು. ಹೊಳೆಯೊಡನೆ ಬದುಕುವವರು ಅದನ್ನು ನಂಬುವುದಿಲ್ಲ. ಮಂಜಿ ಹಡಗುಗಳ ಹಾಯಿ ಹೊಲಿಯುತ್ತಿದ್ದ ಹಸನಬ್ಬನವರ ಮುಂದೆ ಕುಳಿತು, ನೀರು ಇಳಿಯದಂತೆ ಮೇಣ, ಮೀನೆಣ್ಣೆ ತಿಕ್ಕಿದ ಹಳೆಯ ಹಾಯಿಬಟ್ಟೆಯಲ್ಲಿ ಅವಳೊಂದು ಚೀಲ ಹೊಲಿಸಿದ್ದಳು. ಕೈಚೀಲವಲ್ಲ, ಬೆನ್ನಿಗೆ ಏರಿಸುವಂಥದ್ದು, ಎರಡು ಹೆಗಲಿಗೂ ಅಗಲವಾದ ಪಟ್ಟಿ. "ಒಂದು ಕೈ ಹಗ್ಗಕ್ಕೆ, ಒಂದು ಕೈ ಮಕ್ಕಳಿಗೆ. ಚೀಲಕ್ಕೆ ಮೂರನೇ ಕೈ ಎಲ್ಲಿ ಉಂಟು?" ಎನ್ನುತ್ತಿದ್ದಳು.

ಪತ್ತನಾಜೆಯೆಂದರೆ ಮಳೆಗಾಲ ಬಾಗಿಲಿಗೆ ಬಂತೆಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ದಿನ. ದೊಡ್ಡಮ್ಮ ಅಂದು ಚೀಲ ಕಟ್ಟುತ್ತಿದ್ದಳು. ಹುರಿಯಕ್ಕಿ, ಬೆಲ್ಲ, ಶುಂಠಿ, ಉಪ್ಪು, ಕತ್ತಿ, ತೆಂಗಿನ ನಾರಿನ ಹಗ್ಗ, ಒಂದು ಒಣ ಸೀರೆ. ಬೆಂಕಿಕಡ್ಡಿಗಳು ಮಾತ್ರ ಬಿರಡೆ ಬಿಗಿದು ಮೇಣ ಹಚ್ಚಿದ ಬಾಟಲಿಯಲ್ಲಿ. ಎಲ್ಲ ತುಂಬಿ ಬಾಯಿ ಬಿಗಿದ ಮೇಲೆ ಒಂದು ಕಲ್ಲು ಕಟ್ಟಿ ಚೀಲವನ್ನು ಬಾವಿಗೆ ಇಳಿಸುತ್ತಿದ್ದಳು! ಅದು ಮುಳುಗಿರುವಷ್ಟು ಹೊತ್ತು ಕಟ್ಟೆಯ ಮೇಲೆ ಕುಳಿತು ನಿಧಾನವಾಗಿ ಗಂಜಿ ಉಣ್ಣುವಳು. ಆಮೇಲೆ ಎಳೆದು, ಬಿಚ್ಚಿ, ಒಂದು ಕಡ್ಡಿ ಗೀರುವಳು. ಹತ್ತಿತೋ, ಆ ವರ್ಷಕ್ಕೆ ಚೀಲ ಪಾಸು. ಕಾಲೇಜು ಮೆಟ್ಟಿಲು ಹತ್ತಿದ್ದ ನನಗೆ ಇದು ದೊಡ್ಡ ತಮಾಷೆ. "ದೊಡ್ಡಮ್ಮ, ಚೀಲಕ್ಕೆ ಈಜು ಕಲಿಸ್ತಿದ್ದೀರಾ?" ಎಂದು ಕೇಳುತ್ತಿದ್ದೆ.

ಆ ಪ್ರಾಯದಲ್ಲೇ ನಾನು ಬೀಡಿ ಕಲಿತದ್ದು. ಆಟಿ ತಿಂಗಳ ಮಳೆಯಲ್ಲಿ ಬೀಡಿ ಸೇದುವುದು ಎಷ್ಟು ಕಷ್ಟವೆಂದು ಸೇದಿದವರಿಗೇ ಗೊತ್ತು. ಅಡುಗೆಮನೆಯ ಕಡ್ಡಿ ಗೀರಿದರೆ ತಲೆ ಉದುರುತ್ತದೆ, ಬೆಂಕಿ ಬರುವುದಿಲ್ಲ. ಇಡೀ ಮನೆಯಲ್ಲಿ ಒಣಗಿದ ಕಡ್ಡಿ ಇದ್ದದ್ದು ದೊಡ್ಡಮ್ಮನ ಬಾಟಲಿಯಲ್ಲಿ ಮಾತ್ರ. ಇವತ್ತೊಂದು, ನಾಳೆಯೊಂದು ಎಂದು ಕದ್ದೆ. ಬಿರಡೆಯನ್ನು ಹೇಗೋ ಒತ್ತಿ, ಚೀಲದ ಬಾಯಿಗೆ ನನಗೆ ಬಂದ ಗಂಟು ಹಾಕಿ, ಏಲಕ್ಕಿ ಜಗಿದುಕೊಂಡು ಸಾಧುವಿನಂತೆ ಊಟಕ್ಕೆ ಕೂರುತ್ತಿದ್ದೆ.

ಅದೇ ಮಳೆಯಲ್ಲಿ ನೆರೆ ಬಂತು. ಬೆಳಗ್ಗೆ ಅಂಗಳದಲ್ಲಿದ್ದ ನೀರು ಗಂಜಿಯ ಹೊತ್ತಿಗೆ ಚಾವಡಿಯಲ್ಲಿತ್ತು. ಅಕ್ಕ ಹೆತ್ತು ಎಂಟೇ ದಿನ. ದೊಡ್ಡಮ್ಮ ಚೀಲವನ್ನು ಬೆನ್ನಿಗೇರಿಸಿ, ಮಗುವನ್ನು ಹೆಗಲ ಮೇಲಕ್ಕೆ ಎತ್ತಿ ಹಿಡಿದು, ಬಾವಿಯ ಹಗ್ಗದ ತುದಿಯನ್ನು ನನಗೂ ಅಕ್ಕನಿಗೂ ಹಿಡಿಸಿ ಎದೆಮಟ್ಟದ ನೀರಿಗಿಳಿದಳು. ನಾನು ಪುಸ್ತಕ ತುಂಬಿಟ್ಟಿದ್ದ ತಗಡಿನ ಟ್ರಂಕು ಎರಡು ಹೆಜ್ಜೆಯೂ ಬರಲಿಲ್ಲ.

ಬಾವುಟಗುಡ್ಡೆಯ ಮೇಲೆ ಒಂದು ಶಾಲೆಯ ಜಗಲಿ ಸಿಕ್ಕಿತು. ಹತ್ತಾರು ಸಂಸಾರ, ಎಲ್ಲರೂ ಒದ್ದೆ, ಎಲ್ಲರ ಬೆಂಕಿಪೆಟ್ಟಿಗೆಯೂ ಮುದ್ದೆ. ಮಗುವಿನ ತುಟಿ ನೀಲಿಯಾಗಿತ್ತು, ಅಳುವುದನ್ನೂ ನಿಲ್ಲಿಸಿತ್ತು. "ಬೆಂಕಿ ಬೇಕು" ಎಂದು ದೊಡ್ಡಮ್ಮ ಚೀಲದ ಬಾಯಿಗೆ ಕೈ ಹಾಕಿದಳು. ನನ್ನ ಗಂಟನ್ನು ನೋಡಿದಳು. ಚೀಲದೊಳಗೆ ನೀರು, ಬಾಟಲಿಯಲ್ಲಿ ನಾಲ್ಕು ಕಡ್ಡಿ, ನಾಲ್ಕೂ ಗಂಜಿಯಂತೆ. "ದೊಡ್ಡಮ್ಮ, ಅದು ನಾನೇ..." ಎಂದೆ.

ಅವಳು ನನ್ನತ್ತ ತಿರುಗಲೂ ಇಲ್ಲ. ಚೀಲವನ್ನು ಮಗುಚಿ, ಕತ್ತಿಯಿಂದ ತಳದ ಹೊಲಿಗೆಯನ್ನು ಕಿತ್ತಳು. ಎರಡು ಪದರದ ನಡುವೆ ಬೆರಳುದ್ದದ ಬಿದಿರಿನ ಕೊಳವೆ, ಎರಡೂ ತುದಿಗೆ ಮೇಣ. ಒಳಗೆ ಕಡ್ಡಿ, ಗೀರುವ ಪಟ್ಟಿ, ಒಂದು ಚಿಟಿಕೆ ಒಣ ನಾರು. ಮೊದಲನೇ ಕಡ್ಡಿಯೇ ಹತ್ತಿತು. ಯಾರೋ ಮುರುಕು ಬೆಂಚು ಒಡೆದು ತಂದರು. ಸ್ವಲ್ಪ ಹೊತ್ತಿಗೆ ಮಗು ಕಿರ್ರೆಂದಿತು, ಅಕ್ಕ ಜೋರಾಗಿ ಅತ್ತಳು.

"ಬಾಟಲಿ ನಿನಗೆ ಇಟ್ಟದ್ದು ಮಗಾ" ಎಂದಳು ದೊಡ್ಡಮ್ಮ, ಸೀರೆಯ ಸೆರಗು ಹಿಂಡುತ್ತ. "ನೀನು ಬೀಡಿ ಎಳೆಯುವುದು ನನಗೆ ಗೊತ್ತಿಲ್ಲ ಅಂತ ಎಣಿಸಿದ್ಯಾ? ಬೈದರೆ ಬಿಡ್ತಿದ್ಯಾ? ಇಲ್ಲ. ಮತ್ತೆ ಎಂತ ಮಾಡುವುದು?"

ನಾನು ನಾಚಬೇಕಿತ್ತು, ನಾಚಿದೆ ಕೂಡ. ಆದರೆ ಅದಕ್ಕಿಂತ ಹೆಚ್ಚಾಗಿ ಬೆರಗಾದೆ. ಇವತ್ತಿಗೂ ಆ ಬೆರಗು ಇಳಿದಿಲ್ಲ. ಹೊಳೆ ಏನು ಮಾಡೀತೆಂದು ಊಹಿಸಿದವರು ಬಂದರಿನಲ್ಲಿ ಬೇಕಾದಷ್ಟು ಜನ ಇದ್ದರು. ಇವಳು ನನ್ನನ್ನೂ ಊಹಿಸಿ, ಸಿಟ್ಟಾಗದೆ, ನನಗೂ ಸೇರಿಸಿ ಚೀಲ ಕಟ್ಟಿದ್ದಳು.

ನಿನ್ನೆ ಆ ಎಂಟು ಕಿಸೆಯ ಚೀಲವನ್ನೇ ತಂದೆ. ಬಾವಿಗೆ ಇಳಿಸಿ, ಕಟ್ಟೆಯಲ್ಲಿ ಕುಳಿತು ಗಂಜಿ ಉಂಡೆ. ಕಡ್ಡಿ ಹತ್ತಿತು. ಸಂಜೆ ಸೂಜಿ ದಾರ ಹಿಡಿದು ತಳಕ್ಕೆ ಇನ್ನೊಂದು ಪದರ ಹೊಲಿಯುತ್ತಿದ್ದಾಗ ಹೆಂಡತಿ ಬಂದು ನಿಂತಳು. "ಮೇಲೆ ಕಡ್ಡಿ ಉಂಟಲ್ಲ, ಇದು ಎಂತಕ್ಕೆ?"

ಅಷ್ಟರಲ್ಲಿ ಹಿತ್ತಿಲಿನಿಂದ ಮಗ ಒಳಗೆ ಬಂದ. ಕಾಲೇಜಿಗೆ ಹೋಗುವ ಹುಡುಗ. ನನ್ನ ಪಕ್ಕದಿಂದ ಸರಿದು ಹೋಗುವಾಗ ಗಮ್ಮೆಂದು ಏಲಕ್ಕಿಯ ಪರಿಮಳ ಬಂತು. ನಾನು ಬಿದಿರಿನ ಕೊಳವೆಯನ್ನು ಒಳಗೆ ತೂರಿಸಿ, ಗಂಟು ಹಾಕಿ, ದಾರ ಕಡಿದೆ.